ಬಿಳಿ ಪುಟ, ಹಳದಿ ಪುಟ

08135, 08136, 08137, 08138.

ಇವು ಯಾವ್ಯಾವ ಊರಿನವು ಅಂತ ತಟ್ಟನೆ ಹೇಳಬಲ್ಲವರಿಗೆ ಈಗ ಹೆಚ್ಚುಕಮ್ಮಿ ಮೂವತ್ತು ದಾಟಿರುತ್ತೆ. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ. ತುಮಕೂರು ಜಿಲ್ಲೆಯ ನಾಲ್ಕು ತಾಲೂಕು, ನಾಲ್ಕು ಎಸ್‌ಟಿಡಿ ಕೋಡು. ಮುಂದಿನ ಸೊನ್ನೆ ಬಿಟ್ಟರೆ ಕೋಡು ನಾಲ್ಕಂಕಿ, ಮನೆ ನಂಬರು ಆರಂಕಿ, ಒಟ್ಟು ಹತ್ತು. ನಮ್ಮ ಮೊಬೈಲ್ ನಂಬರೂ ಹತ್ತೇ ಅಂಕಿ. ವ್ಯತ್ಯಾಸ ಇಷ್ಟೇ: ಆ ಹತ್ತಂಕಿಯೊಳಗೆ ಊರಿತ್ತು, ಈ ಹತ್ತಂಕಿಯೊಳಗೆ ಊರಿಲ್ಲ. 2011ರಲ್ಲಿ ನಂಬರ್ ಪೋರ್ಟಬಿಲಿಟಿ ಬಂದಮೇಲಂತೂ ಮೊದಲ ಅಂಕಿಗಳನ್ನು ನೋಡಿ ಯಾವ ಕಂಪನಿ ಅಂತಲೂ ಹೇಳೋಕಾಗಲ್ಲ. ಫೋನ್ ಮಾಡಿದವನು ಪಕ್ಕದ ಬೀದಿಯಲ್ಲಿದ್ದಾನೋ, ಇನ್ಯಾವುದೋ ರಾಜ್ಯದ ಕಾಲ್ ಸೆಂಟರಿನಲ್ಲಿದ್ದಾನೋ, ನಂಬರು ನೋಡಿದರೆ ತಿಳಿಯೋದಿಲ್ಲ.

ಟೆಲಿಫೋನ್ ಡೈರೆಕ್ಟರಿ ಸತ್ತ ಬಗ್ಗೆ ಬರೆಯೋರು ಸಾಮಾನ್ಯವಾಗಿ ಎರಡು ಥರ ಬರೀತಾರೆ. ಒಂದು, ‘ಆಹಾ, ಎಂಥಾ ಕಾಲ’ ಅಂತ ನಿಟ್ಟುಸಿರು. ಇನ್ನೊಂದು, ‘ಹಳೇ ರದ್ದಿ ಹೋಯ್ತು, ಗೂಗಲ್ ಬಂತು, ಒಳ್ಳೇದೇ ಆಯ್ತು’ ಅಂತ ಷರಾ. ನನಗೆ ಎರಡೂ ಸರಿ ಕಾಣೋದಿಲ್ಲ. ಹೋದದ್ದು ಏನು ಅಂತ ಸರಿಯಾಗಿ ಗುರುತಿಸದೆ ಅಳೋದೂ ತಪ್ಪು, ನಗೋದೂ ತಪ್ಪು. ಹಾಗಾಗಿ ಮೊದಲು ಆ ಪುಸ್ತಕವನ್ನೇ ಸ್ವಲ್ಪ ತಿರುವಿ ನೋಡೋಣ.

ಜಿಲ್ಲೆಗೊಂದು ಡೈರೆಕ್ಟರಿ. ಮೊದಲ ಪುಟಗಳಲ್ಲಿ ಪೊಲೀಸು, ಬೆಂಕಿ, ಆಸ್ಪತ್ರೆ, ಊರೂರಿನ ಎಸ್‌ಟಿಡಿ ಕೋಡುಗಳು, ಸರ್ಕಾರಿ ಕಚೇರಿಗಳು. ಆಮೇಲೆ ಒಂದೊಂದು ಎಕ್ಸ್‌ಚೇಂಜಿನಡಿ ಚಂದಾದಾರರ ಹೆಸರು, ಇಂಗ್ಲಿಷ್ ಅಕಾರಾದಿಯಲ್ಲಿ. ಇದು ಬಿಳಿ ಪುಟ. ದುಡ್ಡು ಕೊಟ್ಟವರ ಜಾಹೀರಾತು, ಕಸುಬಿನ ಪ್ರಕಾರ ವಿಂಗಡಿಸಿದ್ದು, ಹಳದಿ ಪುಟ. ಹಳದಿ ಪುಟ ಬೆಂಗಳೂರಿನಲ್ಲಿ ಇಟ್ಟಿಗೆಯಷ್ಟು ದಪ್ಪ ಇರ್ತಿತ್ತು. ನಮ್ಮ ಕಡೆ ಜನಕ್ಕೆ ನಿಜವಾಗಿ ಬೇಕಾಗ್ತಿದ್ದದ್ದು ಬಿಳಿ ಪುಟ. ಅಂಗಡಿ, ಗಿರಣಿ, ಮಂಡಿ, ವಕೀಲರು, ಡಾಕ್ಟರು ಎಲ್ಲ ಅದರೊಳಗೇ ಹೆಸರಿನ ಸಾಲಿನಲ್ಲಿ ಸಿಗ್ತಿದ್ದರು. ಹಾಗಾಗಿ ಸಣ್ಣ ಊರಿನ ಮಟ್ಟಿಗೆ ಬಿಳಿ ಪುಟವೇ ವ್ಯಾಪಾರದ ಡೈರೆಕ್ಟರಿ ಕೂಡ.

ಈ ಪುಸ್ತಕ ಎಲ್ಲರದ್ದೂ ಆಗಿತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲಿ ಹೆಸರು ಬರೋಕೆ ಮೊದಲು ಮನೇಲಿ ಫೋನಿರಬೇಕು. ಎಂಬತ್ತರ ದಶಕದಲ್ಲಿ ಫೋನಿಗೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯೋದು ಮಾಮೂಲಿ. ಬೇಗ ಬೇಕು ಅಂದರೆ ‘ಓವೈಟಿ’ ಅನ್ನೋ ಯೋಜನೆಯಲ್ಲಿ ದೊಡ್ಡ ಡಿಪಾಸಿಟ್ ಕಟ್ಟಬೇಕಿತ್ತು. ಫೋನಿಲ್ಲದವರು ವಿಸಿಟಿಂಗ್ ಕಾರ್ಡಿನಲ್ಲಿ ಪಕ್ಕದ ಅಂಗಡಿಯ ನಂಬರು ಹಾಕಿಸಿ ಮುಂದೆ ‘ಪಿ.ಪಿ.’ ಅಂತ ಅಚ್ಚು ಮಾಡಿಸ್ತಿದ್ದರು. ಕರೆದು ಕೊಡಿ ಅಂತ ಅರ್ಥ. ಆ ‘ಪಿ.ಪಿ.’ಯವರು ಯಾರೂ ಡೈರೆಕ್ಟರಿಯಲ್ಲಿಲ್ಲ. ಕಂಬಳಿ ನೇಯುವವರು, ಟೈಲರ್ ಅಕ್ಕಂದಿರು, ಬಾವಿ ತೋಡುವವರು, ವಾದ್ಯದವರು ಇಲ್ಲವೇ ಇಲ್ಲ. ಹೆಂಗಸರ ಹೆಸರು ಹುಡುಕಿ ತೆಗೀಬೇಕು.

ಮತ್ತೆ ಆ ಇಂಗ್ಲಿಷ್ ಅಕಾರಾದಿ. ನಮ್ಮ ಕಡೆ ಮನೆತನದ ಸರ್‌ನೇಮು ಅಂತ ಇರೋದು ಕಮ್ಮಿ. ಇನಿಶಿಯಲ್ಲು, ಆಮೇಲೆ ಹೆಸರು. ಹನುಮಂತರಾಯಪ್ಪ, ನರಸಿಂಹಮೂರ್ತಿ, ರಂಗಪ್ಪ, ಲಕ್ಷ್ಮೀನರಸಪ್ಪ ಒಂದೇ ಎಕ್ಸ್‌ಚೇಂಜಿನಲ್ಲಿ ಎಷ್ಟೋ ಜನ. ಯಾವ ಹನುಮಂತರಾಯಪ್ಪ ಅಂತ ತಿಳಿಯೋಕೆ ಇನಿಶಿಯಲ್ ಗೊತ್ತಿರಬೇಕು, ಇನಿಶಿಯಲ್ ಗೊತ್ತಿರೋಷ್ಟು ಪರಿಚಯ ಇದ್ದರೆ ನಂಬರೂ ಗೊತ್ತಿರ್ತಿತ್ತು! ಅಚ್ಚಾಗಿ ಮನೆಗೆ ಬರೋ ಹೊತ್ತಿಗೆ ಅರ್ಧ ಹಳತಾಗಿರ್ತಿತ್ತು ಅನ್ನೋದು ಬೇರೆ ಮಾತು.

ಆದರೆ ಒಂದು ವಿಷಯ ಒಪ್ಪಬೇಕು. 1986ರಲ್ಲಿ ಸಿ-ಡಾಟ್‌ನವರು ಕಿತ್ತೂರಿನಲ್ಲಿ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಹಾಕಿದ ಮೇಲೆ, ಎಸಿ ಇಲ್ಲದ ಕೋಣೆಯಲ್ಲೂ ನಡೆಯೋ ಅಂಥ ಪುಟ್ಟ ಎಕ್ಸ್‌ಚೇಂಜುಗಳು ಹೋಬಳಿ ಊರುಗಳಿಗೆ ಬಂದವು. ಆಗ ಡೈರೆಕ್ಟರಿಯೊಳಕ್ಕೆ ಹಳ್ಳಿಗಳ ಹೆಸರೂ ಬಂದವು. ಫೋನ್ ತಗೊಂಡವನ ಹೆಸರು ತಾನಾಗಿಯೇ ಪಟ್ಟಿಗೆ ಸೇರ್ತಿತ್ತು. ಅದಕ್ಕೆ ಬೇರೆ ದುಡ್ಡಿಲ್ಲ, ಅರ್ಜಿ ಇಲ್ಲ, ಸ್ಟಾರ್ ಇಲ್ಲ. ದೊಡ್ಡ ಮಂಡಿ ಸಾಹುಕಾರನಿಗೂ ಒಂದು ಸಾಲು, ಸೈಕಲ್ ಶಾಪಿನವನಿಗೂ ಒಂದು ಸಾಲು. ಇಬ್ಬರಲ್ಲಿ ಯಾರು ಮೇಲೆ ಅಂತ ತೀರ್ಮಾನ ಮಾಡ್ತಿದ್ದದ್ದು ಅಕ್ಷರ.

ಬಿಳಿ ಪುಟಕ್ಕೂ ಹಳದಿ ಪುಟಕ್ಕೂ ಇರೋ ಈ ಗಡಿ ಬರೀ ಕಾಗದದ ಬಣ್ಣದ್ದಲ್ಲ. ಅದರ ಮೇಲೆ ನಮ್ಮ ದೇಶದಲ್ಲಿ ಒಂದು ದೊಡ್ಡ ಕೇಸೇ ನಡೆದಿದೆ. ಕಾನೂನು ಓದಿದವರಿಗೆ ಗೊತ್ತಿರುತ್ತೆ, ನಮ್ಮಂಥ ಬಿಇ ಮಾಡಿದವರಿಗೆ ಯಾರೂ ಹೇಳಿರೋದಿಲ್ಲ. ಟಾಟಾ ಪ್ರೆಸ್ ಕಂಪನಿ ಹಳದಿ ಪುಟಗಳ ಪುಸ್ತಕ ತರ್ತಿತ್ತು. ಮುಂಬೈ, ದೆಹಲಿಯ ಫೋನು ನೋಡಿಕೊಳ್ತಿದ್ದ ಸರ್ಕಾರಿ ಎಂಟಿಎನ್‌ಎಲ್ ತಕರಾರು ತೆಗೀತು. 1951ರ ಟೆಲಿಗ್ರಾಫ್ ನಿಯಮಗಳ ಪ್ರಕಾರ ಚಂದಾದಾರರ ಪಟ್ಟಿಯನ್ನು ಇಲಾಖೆಯ ಅನುಮತಿ ಇಲ್ಲದೆ ಯಾರೂ ಅಚ್ಚು ಹಾಕುವ ಹಾಗಿಲ್ಲ, ನೀವು ಮಾಡ್ತಿರೋದು ಅದೇ ಅಂತ ಅವರ ವಾದ. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1995ರ ಆಗಸ್ಟ್ 3ರಂದು ತೀರ್ಪಾಯಿತು.

ಕೋರ್ಟು ಹೇಳಿದ್ದರ ಸಾರಾಂಶ ಇದು: ವ್ಯಾಪಾರಿ ಜಾಹೀರಾತೂ ಒಂದು ಮಾತೇ, ಅದಕ್ಕೂ ಸಂವಿಧಾನದ 19(1)(ಎ) ವಿಧಿಯ ರಕ್ಷಣೆ ಇದೆ. ದುಡ್ಡು ಕೊಟ್ಟವರ ಜಾಹೀರಾತುಗಳ ಪುಸ್ತಕ ಚಂದಾದಾರರ ಪಟ್ಟಿ ಆಗೋದಿಲ್ಲ, ಹಾಗಾಗಿ ಟಾಟಾ ಪ್ರೆಸ್ ಅದನ್ನು ಧಾರಾಳವಾಗಿ ಪ್ರಕಟಿಸಬಹುದು. ಆದರೆ ಜೊತೆಗೇ ಒಂದು ಷರತ್ತು ಹಾಕಿತು. ಬಿಳಿ ಪುಟದ ಥರ ಕಾಣುವ ನಮೂದುಗಳನ್ನು ಆ ಹಳದಿ ಪುಸ್ತಕದಲ್ಲಿ ಹಾಕುವ ಹಾಗಿಲ್ಲ.

ಈ ಕೇಸನ್ನು ವಾಕ್ ಸ್ವಾತಂತ್ರ್ಯದ ಪಾಠದಲ್ಲಿ ಓದಿಸ್ತಾರೆ, ಸರಿಯೇ. ನನಗೆ ಮುಖ್ಯ ಅನ್ನಿಸೋದು ಆ ಕೊನೆಯ ಷರತ್ತು. ಪಟ್ಟಿ ಬೇರೆ, ಜಾಹೀರಾತು ಬೇರೆ. ಜಾಹೀರಾತು ಮಾಡೋದು ನಿಮ್ಮ ಹಕ್ಕು, ಆದರೆ ಅದನ್ನು ಪಟ್ಟಿಯ ವೇಷದಲ್ಲಿ ತರಬೇಡಿ. ಕೋರ್ಟು ಇದನ್ನು ಸರ್ಕಾರದ ಏಕಸ್ವಾಮ್ಯದ ನಿಯಮ ಕಾಪಾಡೋಕೆ ಹೇಳಿತೇ ಹೊರತು ಗ್ರಾಹಕರನ್ನು ಕಾಪಾಡೋಕೆ ಅಲ್ಲ, ಅದು ನಿಜ. ಆದರೂ ಅದರಿಂದ ಓದುಗನಿಗೆ ಆದ ಲಾಭ ದೊಡ್ಡದು. ಬಿಳಿ ಕಂಡರೆ ಪಟ್ಟಿ, ಹಳದಿ ಕಂಡರೆ ದುಡ್ಡು. ಓದು ಬಾರದವರಿಗೂ ವ್ಯತ್ಯಾಸ ಗೊತ್ತಾಗೋ ಬಣ್ಣ.

ತೀರ್ಪು ಬಂದ ಮರುವರ್ಷ, 1996ರಲ್ಲಿ, ಮುಂಬೈಯಲ್ಲಿ ಜಸ್ಟ್ ಡಯಲ್ ಶುರುವಾಯಿತು. ಮೊದಲು ಫೋನಿನಲ್ಲಿ ಕೇಳಿದರೆ ನಂಬರು ಹೇಳೋರು, ಆಮೇಲೆ ವೆಬ್‌ಸೈಟು, ಆಮೇಲೆ ಆ್ಯಪು. 2013ರಲ್ಲಿ ಶೇರು ಮಾರುಕಟ್ಟೆಗೆ ಬಂತು, 2021ರಲ್ಲಿ ರಿಲಯನ್ಸ್ ರೀಟೇಲ್ ಅದನ್ನು ಕೊಂಡುಕೊಳ್ತು. ಅದರ ಆದಾಯದ ದಾರಿ ಗುಟ್ಟೇನಲ್ಲ, ಪಟ್ಟಿಯಲ್ಲಿ ಮೇಲೆ ಕಾಣಲು ವ್ಯಾಪಾರಿಗಳು ಕೊಡೋ ದುಡ್ಡು. ಆಮೇಲೆ ಗೂಗಲ್ ಮ್ಯಾಪು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದಮೇಲೆ ನಮ್ಮೂರಿನ ಕುರಿ ಕಾಯೋ ಹುಡುಗನ ಕೈಲೂ ಮ್ಯಾಪು. ಇವುಗಳಲ್ಲಿ ಯಾವುದೂ ಬಿಳಿ ಪುಟ ಅಲ್ಲ. ಎಲ್ಲವೂ ಹಳದಿ ಪುಟದ ವಂಶವೇ. ಆದರೆ ಹಿನ್ನೆಲೆ ಬಣ್ಣ ಮಾತ್ರ ಬಿಳಿ! ‘ಪ್ರಾಯೋಜಿತ’ ಅನ್ನೋ ಪದ ಸಣ್ಣ ಅಕ್ಷರದಲ್ಲಿ ಒಂದು ಮೂಲೆಯಲ್ಲಿರುತ್ತೆ, ಉಳಿದದ್ದೆಲ್ಲ ಪಟ್ಟಿಯ ಹಾಗೇ ಕಾಣುತ್ತೆ.

ಇದು ಹೇಗೆ ನಡೆಯುತ್ತೆ ಅಂತ ಕೋಡ್ ಬರೆಯೋ ಹೊಟ್ಟೆಪಾಡಿನವನಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ‘ಮಧುಗಿರಿಯ ಅತ್ಯುತ್ತಮ ಪ್ಯಾಕರ್ಸ್ ಅಂಡ್ ಮೂವರ್ಸ್’, ‘ಕೊರಟಗೆರೆಯ ಟಾಪ್ ಟೆನ್ ಇಂಟೀರಿಯರ್ ಡಿಸೈನರ್ಸ್’ ಅಂತ ಪುಟಗಳು ಬರ್ತಾವಲ್ಲ, ಅವನ್ನು ಮಧುಗಿರಿ, ಕೊರಟಗೆರೆ ನೋಡಿದ ಮನುಷ್ಯ ಯಾರೂ ಬರೆದಿರೋದಿಲ್ಲ. ಡೇಟಾಬೇಸಿನಲ್ಲಿ ಎರಡು ಟೇಬಲ್ಲು: ಒಂದರಲ್ಲಿ ದೇಶದ ಊರುಗಳ ಹೆಸರು, ಇನ್ನೊಂದರಲ್ಲಿ ಕಸುಬುಗಳ ಹೆಸರು. ಒಂದನ್ನು ಇನ್ನೊಂದರಿಂದ ಗುಣಿಸಿದರೆ ಆಯ್ತು. ಐದು ಸಾವಿರ ಊರು, ಇನ್ನೂರು ಕಸುಬು ಅಂದುಕೊಳ್ಳಿ, ಹತ್ತು ಲಕ್ಷ ಪುಟ ಒಂದು ರಾತ್ರಿಯಲ್ಲಿ ತಯಾರು. ಟೆಂಪ್ಲೇಟ್ ಒಂದೇ, ಊರಿನ ಜಾಗದಲ್ಲಿ ಊರು, ಕಸುಬಿನ ಜಾಗದಲ್ಲಿ ಕಸುಬು. ಆ ಊರಿನಲ್ಲಿ ಆ ಕಸುಬಿನವರು ಒಬ್ಬರೂ ಇಲ್ಲದಿದ್ದರೂ ಪುಟ ಇರುತ್ತೆ. ಒಳಗೆ ಬೆಂಗಳೂರಿನವರ ನಂಬರು ಇರುತ್ತೆ. ಹುಡುಕಿದವನ ನಂಬರನ್ನು ಒಂದು ಫಾರ್ಮಿನಲ್ಲಿ ತಗೊಂಡು ‘ಲೀಡ್’ ಅಂತ ಮಾರೋದಕ್ಕೆ ಇಷ್ಟು ಸಾಕು.

ಹೋದ ಬೇಸಿಗೆಯಲ್ಲಿ ಊರಲ್ಲಿ ನಮ್ಮ ಬೋರ್‌ವೆಲ್ ಮೋಟರು ಸುಟ್ಟೋಯ್ತು. ಮೋಟರು ಎತ್ತೋ ಗಾಡಿಯವರೂ ಬೇಕು, ವೈಂಡಿಂಗ್ ಮಾಡೋರೂ ಬೇಕು. ಬೆಂಗಳೂರಿನಲ್ಲಿ ಕೂತು ಹುಡುಕಿದೆ. ಇಂಥದ್ದೇ ಒಂದು ಪುಟದಲ್ಲಿ ಫಾರ್ಮ್ ತುಂಬಿದೆ. ಅರ್ಧ ಗಂಟೆಯಲ್ಲಿ ಏಳೆಂಟು ಫೋನು ಬಂದವು. ಅದರಲ್ಲಿ ಒಬ್ಬರು ವಾಟರ್ ಪ್ಯೂರಿಫೈಯರ್ ಮಾರೋರು, ಇನ್ನೊಬ್ಬರು ಈಜುಕೊಳಕ್ಕೆ ಪಂಪ್ ಹಾಕೋರು, ಮಧುಗಿರಿ ಎಲ್ಲಿದೆ ಅಂತ ಕೇಳಿದೋರು ಮೂವರು. ಅಮ್ಮನಿಗೆ ಹೇಳಿದರೆ, ‘ನೀನ್ ಹುಡ್ಕಾದು ಬ್ಯಾಡ ಕಣಪ್ಪ, ನಿಮ್ ಚಿಕ್ಕಪ್ಪ ಪ್ಯಾಟೆಗೋಗಿ ಕರ್ಕಂಡ್ ಬತ್ತಾನೆ’ ಅಂದಳು. ಚಿಕ್ಕಪ್ಪ ಮಧುಗಿರಿಯ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಗಲ್ಲಾಪೆಟ್ಟಿಗೆ ಮೇಲಿನ ಗಾಜಿನ ಕೆಳಗೆ ಸಿಕ್ಕಿಸಿದ್ದ ವಿಸಿಟಿಂಗ್ ಕಾರ್ಡುಗಳಲ್ಲಿ ಒಂದನ್ನು ನೋಡಿ ಫೋನ್ ಮಾಡಿದ. ಸಂಜೆಗೆ ಗಾಡಿ ಬಂತು.

ಈ ಕಥೆ ಕೇಳಿದ ನನ್ನ ಆಫೀಸಿನ ಗೆಳೆಯರು ‘ನೋಡು, ಹಳ್ಳಿಯಲ್ಲಿ ಇನ್ನೂ ಮನುಷ್ಯ ಸಂಬಂಧ ಇದೆ’ ಅಂತ ಕಣ್ಣು ತೇವ ಮಾಡಿಕೊಂಡರು. ನನ್ನ ತಕರಾರು ಇಲ್ಲೇ ಇರೋದು. ಆ ಗಾಜಿನ ಕೆಳಗೆ ಯಾರ ಕಾರ್ಡು ಇರುತ್ತೆ? ಅಂಗಡಿಯವರಿಗೆ ಬೇಕಾದವರದ್ದು, ಅವರ ಹತ್ತಿರ ಕೇಬಲ್ಲು, ಪೈಪು ತಗೊಳ್ಳೋರದ್ದು, ಎಷ್ಟೋ ಸಲ ಅವರ ಕಡೆಯವರದ್ದು. ‘ಅವ್ನು ನಮ್ಮೋನೇ, ಚೆನ್ನಾಗ್ ಮಾಡ್ತಾನೆ’ ಅನ್ನೋ ಮಾತಿನಲ್ಲಿ ‘ನಮ್ಮೋನು’ ಅಂದರೆ ಏನು ಅಂತ ಊರಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಐಟಿಐ ಮಾಡಿಕೊಂಡು ಬಂದ ಕಾಲೋನಿಯ ಹುಡುಗ ಅಷ್ಟೇ ಚೆನ್ನಾಗಿ ವೈಂಡಿಂಗ್ ಮಾಡಿದರೂ ಅವನ ಕಾರ್ಡು ಆ ಗಾಜಿನ ಕೆಳಗೆ ಬರೋಕೆ ಎಷ್ಟು ವರ್ಷ ಬೇಕೋ. ಬಾಯಿಮಾತಿನ ಡೈರೆಕ್ಟರಿ ಬೆಚ್ಚಗಿರೋದು ಒಳಗಿದ್ದವರಿಗೆ. ಹೊರಗಿದ್ದವರಿಗೆ, ಹೊಸದಾಗಿ ಊರಿಗೆ ಬಂದ ಟೀಚರಮ್ಮನಿಗೆ, ಬ್ಯಾಂಕಿಗೆ ವರ್ಗವಾಗಿ ಬಂದವರಿಗೆ, ಕೇಳೋಕೆ ಚಿಕ್ಕಪ್ಪ ಇಲ್ಲದವರಿಗೆ, ಅಕ್ಷರದ ಸಾಲಿನ ಪಟ್ಟಿಯೇ ಮೇಲು.

ಅಂದರೆ ಈಗ ನಮ್ಮ ನಾಲ್ಕು ತಾಲೂಕಿನವರ ಮುಂದೆ ಎರಡೇ ದಾರಿ. ಒಂದು ಕಡೆ ದುಡ್ಡು ಮೇಲೆ ತರೋ ಪಟ್ಟಿ, ಇನ್ನೊಂದು ಕಡೆ ಪರಿಚಯ ಮೇಲೆ ತರೋ ಪಟ್ಟಿ. ಯಾರನ್ನೂ ಮೇಲೆ ತರದ ಮೂರನೆಯದೊಂದಿತ್ತು, ಅದು ಹೋಯ್ತು.

ದುಡ್ಡಿನ ಮಾತು ಬಿಡಿ, ಗೂಗಲ್ ಪುಕ್ಕಟೆಯಾಗಿಯೇ ಅಂಗಡಿ ತೋರಿಸುತ್ತಲ್ಲ ಅಂತ ನೀವು ಕೇಳಬಹುದು. ಹೌದು, ತೋರಿಸುತ್ತೆ. ಯಾರು ಮೇಲೆ ಅನ್ನೋದಕ್ಕೆ ಅದು ಹೇಳಿಕೊಳ್ಳೋ ಲೆಕ್ಕ ಮೂರು: ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೆ, ಎಷ್ಟು ದೂರ, ಎಷ್ಟು ಹೆಸರುವಾಸಿ. ಮೂರನೆಯದರಲ್ಲಿ ನಮ್ಮೂರುಗಳ ಗ್ರಹಚಾರ ಇದೆ. ಶಿರಾ ನೋಡಿ. ಬೆಂಗಳೂರಿನಿಂದ ಚಿತ್ರದುರ್ಗ, ಹುಬ್ಬಳ್ಳಿಗೆ ಹೋಗೋ 48ನೇ ಹೆದ್ದಾರಿ ಅಲ್ಲೇ ಹಾಯುತ್ತೆ. ಹೆದ್ದಾರಿ ಬದಿಯ ಹೋಟೆಲಿಗೆ ಕಾರಿನವರು ಸಾವಿರಗಟ್ಟಲೆ ರಿವ್ಯೂ ಬರೀತಾರೆ, ಬಾತ್‌ರೂಮ್ ಚೆನ್ನಾಗಿದೆ ಅಂತ ಐದು ಸ್ಟಾರ್ ಕೊಡ್ತಾರೆ. ಶಿರಾ ಊರೊಳಗೆ ದಿನಾ ನೂರಾರು ಜನ ಊಟ ಮಾಡೋ ಮೆಸ್ಸಿಗೆ ರಿವ್ಯೂ ಬರೆಯೋರು ಯಾರು? ದಿನಾ ಉಣ್ಣೋನು ರಿವ್ಯೂ ಬರೆಯೋದಿಲ್ಲ.

ಉಳಿದ ಮೂರರ ಕಥೆಯೂ ಅದೇ. ಮಧುಗಿರಿ ಅಂದರೆ ಏಕಶಿಲಾ ಬೆಟ್ಟ. ಕೊರಟಗೆರೆ ಅಂದರೆ ಸಿದ್ದರಬೆಟ್ಟ, ಗೊರವನಹಳ್ಳಿ ಮಹಾಲಕ್ಷ್ಮಿ. ಪಾವಗಡ ಅಂದರೆ ಶನಿಮಹಾತ್ಮ, ಜೊತೆಗೆ ತಿರುಮಣಿ ಕಡೆಯ 13,000 ಎಕರೆಯಲ್ಲಿ ಎದ್ದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು. ಶನಿವಾರ ಬಂದು ಭಾನುವಾರ ಹೋಗೋರ ಕಣ್ಣಿನಲ್ಲಿ ಊರು ಹೇಗೆ ಕಾಣುತ್ತೋ ಮ್ಯಾಪಿನಲ್ಲೂ ಹಾಗೇ. ಇದೇನು ಹೊಸತಲ್ಲ ಅನ್ನಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕನನ್ ಶಿರಾ, ಮಧುಗಿರಿ ಕಡೆ ಸುತ್ತಿ ಇಲ್ಲಿಯ ಬೆಳೆ, ನೇಯ್ಗೆ, ವ್ಯಾಪಾರ ಎಲ್ಲ ಬರೆದುಕೊಂಡ, 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಪಟ್ಟಿಯೂ ಇಲ್ಲಿಯವರಿಗೆ ಅಂತ ಮಾಡಿದ್ದಲ್ಲ. ನಮ್ಮೂರನ್ನು ಹೊರಗಿನವರು ಹೊರಗಿನವರಿಗಾಗಿ ಪಟ್ಟಿ ಮಾಡೋದು ಎರಡು ಶತಮಾನದ ರೂಢಿ. ಅದರ ಮಧ್ಯೆ ಕೆಲವೇ ದಶಕ, ಅರೆಬರೆಯಾಗಿ, ನಮ್ಮವರ ಹೆಸರು ನಮ್ಮವರಿಗೇ ಸಿಗೋ ಒಂದು ಪುಸ್ತಕ ಇತ್ತು.

ಇನ್ನು ಖಾನೆಗಳ ವಿಷಯ. ಹೊಸ ಅಂಗಡಿ ಸೇರಿಸೋಕೆ ಹೋದರೆ ಕಸುಬು ಆರಿಸಿ ಅನ್ನುತ್ತೆ. ಆ ಖಾನೆಗಳು ಎಲ್ಲೋ ಕೂತವರು ಎಲ್ಲೋ ಇರೋ ಪೇಟೆಗೆ ಮಾಡಿದ್ದು. ಬೋರ್ ಪಾಯಿಂಟ್ ನೋಡೋರು ಯಾವ ಖಾನೆ? ಕಡಲೆಕಾಯಿ ಬಿಡಿಸೋ ಮಿಷನ್ ಬಾಡಿಗೆಗೆ ಕೊಡೋರು? ಹುಣಸೆಮರ ಗುತ್ತಿಗೆ ಹಿಡಿಯೋರು? ಮದುವೆಗೆ ನೂರು ಸೇರು ಅಕ್ಕಿ ಬೇಯಿಸೋ ಅಡುಗೆಯವರು? ಊರಿನ ಹೆಸರಿಗೂ ಇದೇ ಪಾಡು. ಶಿರಾ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ಎಚ್ ಹಾಕ್ತಾರೆ, ಕೆಲವರು ಹಾಕಲ್ಲ. ತುಮಕೂರು 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ತುಮಕೂರೇ ಆಯ್ತು, ಆದರೆ ಅರ್ಧ ಅಂಗಡಿ ಬೋರ್ಡು ಇನ್ನೂ ಹಳೇ ಸ್ಪೆಲ್ಲಿಂಗು. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗೋದು ಇನ್ನೂ ಕಮ್ಮಿ, ಯಾಕಂದರೆ ಒಳಗೆ ತುಂಬಿರೋ ಹೆಸರೇ ಇಂಗ್ಲಿಷು.

ಊರಿನ ಗುರುತಿಲ್ಲದ ನಂಬರಿನ ಬಗ್ಗೆ ಮೊದಲೇ ಹೇಳಿದೆ. ಅದರ ಬೆಲೆ ಎಷ್ಟು ಅಂತ 2018ರಲ್ಲೇ ಗೊತ್ತಾಯ್ತು. ವಂಚಕರು ಗೂಗಲ್ ಮ್ಯಾಪಿನಲ್ಲಿ ಬ್ಯಾಂಕ್ ಶಾಖೆಗಳ ಫೋನ್ ನಂಬರನ್ನೇ ತಿದ್ದಿ ತಮ್ಮ ನಂಬರು ಹಾಕಿ, ಫೋನ್ ಮಾಡಿದವರಿಂದ ಕಾರ್ಡಿನ ವಿವರ ಕಿತ್ತುಕೊಂಡ ಪ್ರಕರಣಗಳು ಮಹಾರಾಷ್ಟ್ರ ಪೊಲೀಸರ ಮುಂದೆ ಬಂದವು. ಯಾರು ಬೇಕಾದರೂ ತಿದ್ದಬಹುದು ಅನ್ನೋ ಒಳ್ಳೇ ಗುಣವೇ ಅಲ್ಲಿ ಕಂಟಕ ಆಯ್ತು. ಅಚ್ಚಿನ ಡೈರೆಕ್ಟರಿಯಲ್ಲಿ ತಪ್ಪಿದ್ದರೆ ವರ್ಷವಿಡೀ ತಪ್ಪೇ, ಆದರೆ ಬ್ಯಾಂಕಿನ ನಂಬರನ್ನು ರಾತ್ರೋರಾತ್ರಿ ತಿದ್ದೋಕೆ ಯಾರಿಗೂ ಆಗ್ತಿರಲಿಲ್ಲ. 08136 ಅಂತ ಶುರುವಾದರೆ ಅದು ಪಾವಗಡವೇ.

ನ್ಯಾಯವಾಗಿ ಹೇಳಬೇಕಂದರೆ ಇಂಟರ್ನೆಟ್ಟು ಮಾಡಿದ ಉಪಕಾರವೂ ಇದೆ, ಅದರಲ್ಲೂ ಪಾವಗಡದವರಿಗೆ. ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲೂಕು ಅದು. ಜನ ಆಸ್ಪತ್ರೆಗೆ, ಬಟ್ಟೆಗೆ, ಮಿಷನ್ ಬಿಡಿಭಾಗಕ್ಕೆ ಹಿಂದೂಪುರಕ್ಕೂ ಹೋಗ್ತಾರೆ, ಮನೆಯಲ್ಲಿ ತೆಲುಗು ಆಡೋರೂ ಬಹಳ. ಅಚ್ಚಿನ ಡೈರೆಕ್ಟರಿ ರಾಜ್ಯದ ಗಡಿಗೆ ಬಂದು ನಿಂತುಬಿಡ್ತಿತ್ತು. ಮ್ಯಾಪಿಗೆ ಗಡಿ ಇಲ್ಲ, ಮಡಕಶಿರಾದ ಅಂಗಡಿಯೂ ತೋರುತ್ತೆ, ಹಿಂದೂಪುರದ ಡಾಕ್ಟರೂ ಸಿಗ್ತಾರೆ. ಫೋನ್ ಇದ್ದವರೆಲ್ಲ ತಮ್ಮ ಕಸುಬನ್ನು ತಾವೇ ಸೇರಿಸಬಹುದು ಅನ್ನೋದು ಓವೈಟಿ ಕಾಲದಲ್ಲಿ ಕನಸು. ಹಾಗಾಗಿ ‘ಮತ್ತೆ ಪುಸ್ತಕ ಅಚ್ಚು ಹಾಕ್ಸಿ’ ಅಂತ ನಾನು ಹೇಳ್ತಿಲ್ಲ. 1878ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಐವತ್ತು ಹೆಸರಿನ ಒಂದೇ ಹಾಳೆಯಾಗಿ ಶುರುವಾದ ಈ ಜಾತಿ ಪ್ರಪಂಚದಲ್ಲೆಲ್ಲ ಮುಗೀತಾ ಬಂದಿದೆ. ಬ್ರಿಟನ್ನಿನ ಹಳದಿ ಪುಟ 1966ರಲ್ಲಿ ಬ್ರೈಟನ್ನಿನಲ್ಲಿ ಹುಟ್ಟಿ, 2019ರ ಜನವರಿಯಲ್ಲಿ ಅದೇ ಬ್ರೈಟನ್ನಿನಲ್ಲಿ ಕೊನೆಯ ಪ್ರತಿ ಹಂಚಿ ಮುಗಿಸಿತು. ಕಾಗದ ಹೋಗಲಿ ಬಿಡಿ.

ಹೋಗಬಾರದಿದ್ದದ್ದು ಬಿಳಿ ಪುಟದ ನಿಯಮ: ಇದ್ದವರೆಲ್ಲರ ಹೆಸರು, ಒಂದೇ ಅಳತೆಯ ಸಾಲು, ಕ್ರಮ ದುಡ್ಡಿನದ್ದಲ್ಲ, ಜಾಹೀರಾತಿಗೆ ಬೇರೆ ಬಣ್ಣ. ಇದನ್ನು ಕಂಪ್ಯೂಟರಿನಲ್ಲಿ ಮಾಡೋದು ಅಚ್ಚಿನಲ್ಲಿ ಮಾಡೋದಕ್ಕಿಂತ ಸುಲಭ. ಅಕಾರಾದಿಯಲ್ಲಿ ಜೋಡಿಸು ಅನ್ನೋದು ಒಂದು ಸಾಲಿನ ಕೋಡು. ಯಾರೂ ಮಾಡದಿರೋದಕ್ಕೆ ಕಾರಣ ತಾಂತ್ರಿಕ ಅಲ್ಲವೇ ಅಲ್ಲ, ಅದರಲ್ಲಿ ದುಡ್ಡಿಲ್ಲ ಅಷ್ಟೇ. ದುಡ್ಡಿಲ್ಲದ ಕೆಲಸವನ್ನು ಕಂಪನಿ ಮಾಡೋದಿಲ್ಲ, ಅದಕ್ಕೆ ಅಂತಲೇ ಸರ್ಕಾರ ಇರೋದು. ಸರ್ಕಾರ ಮಾತ್ರ, ಡೈರೆಕ್ಟರಿಯ ಏಕಸ್ವಾಮ್ಯ ಬೇಕು ಅಂತ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು, ಮೊಬೈಲು ಬಂದಮೇಲೆ ಅಂಥದ್ದೊಂದನ್ನು ತರಲೇ ಇಲ್ಲ.

ಹಾಗಂತ ಪಟ್ಟಿ ಇಲ್ಲ ಅಂತಲ್ಲ, ಇದೆ. ಶಿರಾ ನಗರಸಭೆ, ಮಧುಗಿರಿ, ಪಾವಗಡ ಪುರಸಭೆ, ಕೊರಟಗೆರೆ ಪಟ್ಟಣ ಪಂಚಾಯಿತಿ ಅಂಗಡಿಗಳಿಗೆ ಉದ್ದಿಮೆ ಪರವಾನಗಿ ಕೊಡ್ತಾವೆ. ಅಲ್ಲಿ ಅಂಗಡಿಯ ಹೆಸರು, ಕಸುಬು, ಬೀದಿ ಎಲ್ಲ ಇರುತ್ತೆ. 2020ರ ಜುಲೈಯಿಂದ ಸಣ್ಣ ಉದ್ದಿಮೆಗಳಿಗೆ ಉದ್ಯಮ್ ನೋಂದಣಿ ಇದೆ. ಹೋಟೆಲಿನವರಿಗೆ ಆಹಾರ ಸುರಕ್ಷತೆಯ ನೋಂದಣಿ ಬೇರೆ. ತೆರಿಗೆ, ಶುಲ್ಕ ವಸೂಲಿಗೆ ಬೇಕಾದಾಗ ಪಟ್ಟಿ ಪಕ್ಕಾ ಇರುತ್ತೆ, ಜನಕ್ಕೆ ಬೇಕಾದಾಗ ಇರೋದಿಲ್ಲ. ಒಪ್ಪಿದ ವ್ಯಾಪಾರಿಗಳ ಹೆಸರು, ಕಸುಬು, ಬೀದಿ, ಅಂಗಡಿಯ ಫೋನು, ಇಷ್ಟನ್ನು ಕನ್ನಡದಲ್ಲಿ ವಾರ್ಡುವಾರು, ಅಕಾರಾದಿಯಲ್ಲಿ, ವರ್ಷಕ್ಕೊಮ್ಮೆ ದಿನಾಂಕ ಹಾಕಿ ಪ್ರಕಟಿಸೋಕೆ ಪುರಸಭೆಗೆ ಯಾವ ಹೊಸ ತಂತ್ರಜ್ಞಾನವೂ ಬೇಡ. ಒಂದು ಪ್ರಿಂಟು ತೆಗೆದು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದರೂ ಸಾಕು.

ಪುರಸಭೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ, ಅದು ನನ್ನ ನಿಮ್ಮಂಥವರದ್ದು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದು ಭೂಪಟ ಇದೆ. ವಿಕಿಪೀಡಿಯಾದ ಹಾಗೆ ಯಾರು ಬೇಕಾದರೂ ಸೇರಿಸಬಹುದು, ಡೇಟಾ ಯಾವ ಕಂಪನಿಯ ಸ್ವತ್ತೂ ಅಲ್ಲ, ಕನ್ನಡದ ಹೆಸರಿಗೆ ಬೇರೆಯದೇ ಖಾನೆ ಇದೆ, ಸ್ಟಾರೂ ಇಲ್ಲ, ‘ಪ್ರಾಯೋಜಿತ’ವೂ ಇಲ್ಲ. ಅಲ್ಲೂ ತಪ್ಪು ಸೇರಿಸೋ ಕಿಡಿಗೇಡಿಗಳು ಇರಬಹುದು, ಆದರೆ ಯಾರು ಯಾವತ್ತು ಏನು ತಿದ್ದಿದರು ಅನ್ನೋದು ಎಲ್ಲರಿಗೂ ಕಾಣುತ್ತೆ. ಹಬ್ಬಕ್ಕೆ ಊರಿಗೆ ಹೋದಾಗ ಪೇಟೆಯಲ್ಲಿ ಒಂದು ರೌಂಡು ಹಾಕಿ, ಕೇಳಿಕೊಂಡು, ಇಪ್ಪತ್ತು ಅಂಗಡಿ ಸೇರಿಸಬಹುದು. ಹಾಗೆ ಸೇರಿಸುವಾಗ ಆ ಗಾಜಿನ ಕೆಳಗೆ ಕಾರ್ಡಿಲ್ಲದವರನ್ನು ಮೊದಲು ಹುಡುಕಿ ಅನ್ನೋದು ನನ್ನ ವಿನಂತಿ. ವೈಂಡಿಂಗ್ ಕಲಿತ ಆ ಹುಡುಗ, ಮನೆಯಲ್ಲೇ ಬ್ಲೌಸು ಹೊಲಿಯೋ ಅಕ್ಕ, ಕಂಬಳಿ ನೇಯೋ ಅಜ್ಜ. ಇವರು ಯಾರೂ ಅಚ್ಚಿನ ಡೈರೆಕ್ಟರಿಯಲ್ಲೂ ಇರಲಿಲ್ಲ.